ಉಮ್ಮನಿಗೆ ಶುಗರ್ ಬಂದರೆ ಪಥ್ಯದ ಅಡುಗೆ ಮಾಡುವುದು ಯಾರು?

ಮನೆಯ ಯಜಮಾನರಿಗೆ ಶುಗರ್ ಇದೆ ಎಂದು ರಿಪೋರ್ಟ್ ಬಂದ ದಿನದಿಂದ ನಮ್ಮ ಹೆಚ್ಚಿನ ಮನೆಗಳಲ್ಲಿ ಎರಡು ಅಡುಗೆ ಶುರುವಾಗುತ್ತದೆ. ಅವರಿಗೆ ಚಪಾತಿ, ಸಪ್ಪೆ ಪಲ್ಯ, ಸಕ್ಕರೆ ಇಲ್ಲದ ಚಹಾ. ಉಳಿದವರಿಗೆ ಮೊದಲಿನಂತೆ ಪತ್ತಿರ್, ಕೋಳಿ ಸಾರು, ಹುರಿದ ಮೀನು. ಒಂದು ತಿಂಗಳು ಸರಿಯಾಗಿಯೇ ನಡೆಯುತ್ತದೆ. ಮತ್ತೆ ಒಂದು ದಿನ ಮಕ್ಕಳ ಬಟ್ಟಲಿನ ಪರಿಮಳ ಮೂಗಿಗೆ ಬಡಿಯುತ್ತದೆ, ‘ಇವತ್ತೊಂದು ದಿನ ತಿಂದರೆ ಎಂತ ಆಗ್ತದೆ?’ ಎಂಬ ಮಾತು ಬರುತ್ತದೆ. ಅಲ್ಲಿಗೆ ಪಥ್ಯ ಮುಗಿಯಿತು.

ಅದೇ ಕಾಯಿಲೆ ಉಮ್ಮನಿಗೆ ಬಂದರೆ? ಅವರಿಗಾಗಿ ಯಾರೂ ಬೇರೆ ಒಲೆ ಹಚ್ಚುವುದಿಲ್ಲ. ಎಲ್ಲರಿಗೂ ಬಡಿಸಿ, ಮಧ್ಯಾಹ್ನ ಮೂರು ಗಂಟೆಗೆ ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ಸಾರು ಸುರಿದುಕೊಂಡು ಉಣ್ಣುತ್ತಾರೆ. ಮೀನಿನ ತುಂಡುಗಳು ಅಷ್ಟರಲ್ಲಿ ಗಂಡಸರ, ಮಕ್ಕಳ ಬಟ್ಟಲಿಗೆ ಹೋಗಿ ಆಗಿರುತ್ತದೆ. ಶುಗರಿನ ಕೆಲವು ಮಾತ್ರೆ ನುಂಗಿ ಅಷ್ಟು ಹೊತ್ತು ಹಸಿದಿದ್ದರೆ ಶುಗರ್ ತೀರಾ ಇಳಿದು ಕೈ ನಡುಗುತ್ತದೆ, ಬೆವರು ಬರುತ್ತದೆ. ಆ ಮೇಲೆ ಬರೀ ಅನ್ನ ತಿಂದಾಗ ಒಮ್ಮೆಲೇ ಏರುತ್ತದೆ. ‘ಉಮ್ಮನಿಗೆ ಯಾಕೋ ಸುಸ್ತು’ ಅಂತ ನಾವು ಹೇಳುವುದು. ಸುಸ್ತು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಹಾಗಾಗಿ ರೋಗಿಗೆ ಬೇರೆ ಅಡುಗೆ ಎಂಬ ಪದ್ಧತಿಯೇ ಬೇಡ, ಮನೆಯ ಅಡುಗೆಯೇ ಸ್ವಲ್ಪ ಬದಲಾಗಲಿ ಎಂಬುದು ನನ್ನ ಅಭಿಪ್ರಾಯ. ಹೆತ್ತವರಿಗೆ ಶುಗರ್ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಇನ್ನೂ 13.6 ಕೋಟಿ ಜನ ಅದರ ಗಡಿಯಲ್ಲಿ ನಿಂತಿದ್ದಾರೆ. ಇಂದು ಪರೋಟ ತಿನ್ನುವ ಮಗನಿಗೂ ಉಪ್ಪನ ಪಥ್ಯ ಬೇಕಾದದ್ದೇ.

ಬದಲಾಯಿಸಲಿಕ್ಕೆ ದುಬಾರಿ ಓಟ್ಸ್ ಎಲ್ಲ ಬೇಕಾಗಿಲ್ಲ. ಮೊದಲು ಅಕ್ಕಿಯ ಲೆಕ್ಕ ಸರಿಯಾಗಬೇಕು. ‘ನಾನು ಅನ್ನ ಬಿಟ್ಟಿದ್ದೇನೆ, ರಾತ್ರಿ ಪತ್ತಿರ್ ಮಾತ್ರ’ ಎನ್ನುವವರು ಎಷ್ಟು ಮಂದಿ! ಪತ್ತಿರ್ ಎಂತದರಲ್ಲಿ ಮಾಡುವುದು ಮಾರಾಯ್ರೆ? ಪುಂಡಿಯೂ ಅಕ್ಕಿಯದ್ದೇ, ನೀರು ದೋಸೆಯೂ ಅಕ್ಕಿಯದ್ದೇ. ಬೆಳ್ತಿಗೆಗಿಂತ ಕುಚ್ಚಲಕ್ಕಿ ಒಳ್ಳೆಯದು ನಿಜ, ಆದರೆ ಬಟ್ಟಲು ತುಂಬಾ ಹಾಕಿಕೊಂಡರೆ ಅದರಿಂದಲೂ ಶುಗರ್ ಏರುತ್ತದೆ. ಆರು ಪತ್ತಿರ್ ತಿನ್ನುವವರು ಮೂರಕ್ಕೆ ಇಳಿದು, ಉಳಿದ ಹಸಿವನ್ನು ತರಕಾರಿಯಲ್ಲಿ ತೀರಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ಬಟ್ಟಲಿನ ಅರ್ಧದಷ್ಟು ತರಕಾರಿ, ಹಣ್ಣು ಇರಲಿ ಎಂದು. ನಮ್ಮಲ್ಲಿ ತರಕಾರಿ ಎಂದರೆ ಬಿರಿಯಾನಿ ಜೊತೆಗಿನ ನಾಲ್ಕು ತುಂಡು ಸೌತೆ, ನೀರುಳ್ಳಿ! ಹಿತ್ತಿಲಲ್ಲಿ ಬಸಳೆ ಉಂಟು, ನುಗ್ಗೆ ಸೊಪ್ಪು ಉಂಟು, ಸಂತೆಯಲ್ಲಿ ಅಲಸಂಡೆ, ತೊಂಡೆಕಾಯಿ ಸಿಗುತ್ತದೆ. ಸೊಪ್ಪು ಕಂಡರೆ ಮುಖ ತಿರುಗಿಸುವ ಮಕ್ಕಳೂ ಸಿಗಡಿ ಹಾಕಿದ ಬಸಳೆ ಸಾರು ಕೇಳಿ ಹಾಕಿಸಿಕೊಳ್ಳುತ್ತಾರೆ.

ಮೀನಿನ ವಿಷಯದಲ್ಲಿ ನಾವು ಅದೃಷ್ಟವಂತರು. ಅಗ್ಗದ ಬೂತಾಯಿ, ಬಂಗುಡೆಯಲ್ಲೇ ಹೃದಯಕ್ಕೆ ಬೇಕಾದ ಒಳ್ಳೆಯ ಕೊಬ್ಬು ಇದೆ. ಅದನ್ನು ಸಾರು ಮಾಡಿ ತಿಂದರೆ ಲಾಭ. ನಿನ್ನೆ ಕಾಯಿಸಿದ ಎಣ್ಣೆಯಲ್ಲಿ ಮತ್ತೆ ಮುಳುಗಿಸಿದರೆ ನಷ್ಟವೇ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಒಣಮೀನಿನ ಚಟ್ನಿ ಇಲ್ಲದೆ ಗಂಜಿ ಇಳಿಯುವುದಿಲ್ಲ, ಒಪ್ಪುವಾ. ಆದರೆ ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಸಣ್ಣ ಚಮಚ. ಒಣಮೀನು ಮಾಡಿದ ದಿನ ಉಪ್ಪಿನಕಾಯಿ, ಹಪ್ಪಳ ಬೇಡ.

ಇನ್ನು ಚಹಾ. ಎರಡು ಚಮಚ ಸಕ್ಕರೆಯ ನಾಲ್ಕು ಚಹಾ ಎಂದರೆ ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಬೇಕರಿ ತಿಂಡಿಯ ಸಕ್ಕರೆ ಇದರಲ್ಲಿ ಸೇರಿಲ್ಲ. ಇಡೀ ಮನೆಯ ಚಹಾಕ್ಕೆ ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತಾ ಬಂದರೆ ನಾಲಗೆಗೆ ಗೊತ್ತಾಗುವುದೂ ಕಡಿಮೆ.

ಮದುವೆಯ ಬಿರಿಯಾನಿ ಮೇಲೆ ನನ್ನ ತಕರಾರಿಲ್ಲ. ಮದುವೆ ವರ್ಷಕ್ಕೆ ಎಷ್ಟು ಬರುತ್ತದೆ? ತಕರಾರು ಇರುವುದು ಯಾವ ವಿಶೇಷವೂ ಇಲ್ಲದ ಮಂಗಳವಾರ ರಾತ್ರಿ ಹತ್ತೂವರೆಗೆ ಹೋಟೆಲಿನಿಂದ ಬರುವ ಪರೋಟ, ಚಿಕನ್ ಕಟ್ಟಿನ ಮೇಲೆ.

ಊಟದ ಪ್ರಮಾಣ ಬದಲಾದರೆ ಮಾತ್ರೆ, ಇನ್ಸುಲಿನ್ ಪ್ರಮಾಣವೂ ಬದಲಾಗಬೇಕಾಗಬಹುದು. ಅದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು. ಉಮ್ಮನನ್ನು ಕರೆದುಕೊಂಡು ಹೋದಾಗ ‘ಊಟ ಸರಿಯಾಗಿ ಮಾಡ್ತಾರೆ’ ಎಂದು ಮಗ ಉತ್ತರ ಕೊಡುವುದು ಬೇಡ. ಎಷ್ಟು ಗಂಟೆಗೆ ಉಣ್ಣುತ್ತಾರೆ, ಬಟ್ಟಲಿನಲ್ಲಿ ಎಂತ ಇರುತ್ತದೆ ಎಂದು ಅವರೇ ಹೇಳಲಿ.