ನ್ಯಾಸಾಪಹಾರ: ರನ್ನನ ಪದ್ಯವೂ ಇಂದಿನ ರಂಗನಟನೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ನ್ಯಾಸಾಪಹಾರವನ್ನೂ ಸೇರಿಸಿದ್ದಾರೆ. ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ. ಒಬ್ಬನು ಇನ್ನೊಬ್ಬನಲ್ಲಿ ಹೊನ್ನನ್ನು ಇಟ್ಟಿದ್ದಾನೆ. ಕಾಲಾಂತರದಲ್ಲಿ ಇಟ್ಟುದೆಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಕೇಳಿದಷ್ಟನ್ನೇ ಎಣಿಸಿ ಕೊಡುತ್ತಾನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವುದು ಈ ಅರ್ಥದಲ್ಲಿಯೇ. ಇಲ್ಲಿ ಯಾರೂ ಬೀಗ ಮುರಿದಿಲ್ಲ, ಯಾರೂ ಸುಳ್ಳು ಪತ್ರ ಬರೆದಿಲ್ಲ. ಎದುರಿಗಿದ್ದವನ ಮರೆವಿಗೆ ಇಟ್ಟುಕೊಂಡವನು ತಲೆಯಾಡಿಸಿದ್ದಾನೆ, ಅಷ್ಟೆ. ಆದರೂ ಅದು ದೋಷ. ಅದನ್ನು ಅಚೌರ್ಯವ್ರತದ ಕೆಳಗೆ ಇಡದೆ ಸತ್ಯವ್ರತದ ಕೆಳಗೆ ಇಟ್ಟಿರುವುದು ಆಚಾರ್ಯರ ಸೂಕ್ಷ್ಮದೃಷ್ಟಿಗೆ ನಿದರ್ಶನ.

ವ್ಯಾಪಾರಿಗಳಿಗೆ ಚಿರಪರಿಚಿತವಾದ ಈ ಅತಿಚಾರವು ಇಂದು ಒಂದು ಅನಿರೀಕ್ಷಿತ ಸ್ಥಳದಲ್ಲಿ ನಿರಾತಂಕವಾಗಿ ನಡೆಯುತ್ತಿದೆ. ಅದು ರಂಗಭೂಮಿ. ಹಳಗನ್ನಡದ ಪದ್ಯವನ್ನು ಆಡುವ ನಟನ ಕೈಯಲ್ಲಿ ಕವಿ ಇಟ್ಟುಹೋದ ಒತ್ತೆ ಇದೆ. ಅದನ್ನು ಪಡೆಯಬೇಕಾದ ಪ್ರೇಕ್ಷಕನು ಲೆಕ್ಕ ಮರೆತಿದ್ದಾನೆ. ಹಳಗನ್ನಡ ಅವನಿಗೆ ದೂರವಾಗಿದೆ. ನಟನು ಒಂದಿಷ್ಟು ಆರ್ಭಟವನ್ನೂ ಒಂದಿಷ್ಟು ಕಣ್ಣೀರನ್ನೂ ಕೊಟ್ಟು 'ಇಷ್ಟೇ' ಎನ್ನುತ್ತಾನೆ. ಪ್ರೇಕ್ಷಕನು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಇಬ್ಬರಿಗೂ ತೃಪ್ತಿ, ನಷ್ಟ ಮಾತ್ರ ಕವಿಗೆ.

ಇದು ಗಾಳಿಯಲ್ಲಿ ಹೊಡೆದ ಮಾತಾಗಬಾರದು. ಆದುದರಿಂದ ಒಂದು ಕೃತಿಯನ್ನೇ ಮುಂದಿಟ್ಟುಕೊಂಡು ವಿಚಾರ ಮಾಡುವುದು ಯುಕ್ತ. ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಕವಿಚಕ್ರವರ್ತಿಯೆನಿಸಿದ ರನ್ನನ 'ಸಾಹಸಭೀಮವಿಜಯ'ವು 'ಗದಾಯುದ್ಧ'ವೆಂದೇ ಪ್ರಸಿದ್ಧ. ಹತ್ತು ಆಶ್ವಾಸಗಳ ಈ ಚಂಪೂಕಾವ್ಯವು ನಾಟಕವಾಗಿ ಹುಟ್ಟಲಿಲ್ಲ. ಆದರೆ ಅದರ ಒಡಲಿನಲ್ಲಿ ನಾಟಕವಿದೆ. ಪ್ರಾಚೀನ ಕನ್ನಡದಲ್ಲಿ ಕಾವ್ಯಗಳು ಹೇರಳವಾಗಿದ್ದರೂ ನಾಟಕಗ್ರಂಥಗಳು ಉಳಿದು ಬಂದಿಲ್ಲ. ಮೊದಲ ಕನ್ನಡ ನಾಟಕವೆಂದು ಎಣಿಸಲ್ಪಡುವ 'ಮಿತ್ರವಿಂದಾ ಗೋವಿಂದ'ವು ಹದಿನೇಳನೆಯ ಶತಮಾನದ್ದು. ಅದೂ ಹರ್ಷನ 'ರತ್ನಾವಳಿ'ಯ ರೂಪಾಂತರ. ಈ ಕೊರತೆಯ ನಡುವೆ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಕಾವ್ಯವನ್ನು ಆಧರಿಸಿ, ಬಹುಮಟ್ಟಿಗೆ ಅವನ ನುಡಿಯನ್ನೇ ಉಳಿಸಿಕೊಂಡು, 'ಗದಾಯುದ್ಧ ನಾಟಕ'ವನ್ನು ಕಟ್ಟಿಕೊಟ್ಟರು. ಗ್ರೀಕ್ ರುದ್ರನಾಟಕಗಳ ಆಳವಾದ ಪರಿಚಯವಿದ್ದ ಅವರು ದುರ್ಯೋಧನನನ್ನು ದುರಂತನಾಯಕನನ್ನಾಗಿ ಕಂಡರು. 1929ರ 'ಅಶ್ವತ್ಥಾಮನ್' ನಾಟಕದಲ್ಲಿ ಸಾಫೊಕ್ಲಿಸನ ಏಜಾಕ್ಸನ ಕಥೆಯನ್ನು ಭಾರತದ ಕಥೆಗೆ ಹೊಂದಿಸಿದವರೂ ಅವರೇ. ಹಳಗನ್ನಡ ಪದ್ಯವನ್ನು ರಂಗದ ಮೇಲೆ ಬಾಯಿಬಿಟ್ಟು ಆಡಬಹುದೆಂಬ ಧೈರ್ಯವನ್ನು ಕನ್ನಡದ ನಟನಿಗೆ ಕೊಟ್ಟದ್ದು ಈ ಕೃತಿಗಳು.

ಆ ಧೈರ್ಯವು ಇಂದು ಏನಾಗಿದೆ? ರಣರಂಗದ ದೃಶ್ಯವನ್ನು ನೋಡಿದರೆ ಸಾಕು. ಭೀಷ್ಮರನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನನು ಮಗ ಲಕ್ಷಣಕುಮಾರನ ಶವದ ಮುಂದೆ ನಿಲ್ಲುತ್ತಾನೆ. ಇಲ್ಲಿ ಬರುವ ಹೆಸರಾಂತ ಪದ್ಯ ಒಂದು ಕಂದ. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಮಾತ್ರೆಗಳ ನಾಲ್ಕು ಪಾದಗಳು. ಒಟ್ಟು 64 ಮಾತ್ರೆ. ಪ್ರತಿ ಪಾದದ ಎರಡನೆಯ ಅಕ್ಷರ ನಕಾರ. ಇಷ್ಟು ಸಣ್ಣ ಕಟ್ಟಿನಲ್ಲಿ ರನ್ನನು ಒಂದು ವಾದವನ್ನೇ ಇಟ್ಟಿದ್ದಾನೆ. ತಂದೆಗೆ ಮಗನು ತರ್ಪಣ ಕೊಡುವುದು ಲೋಕದ ಕ್ರಮವೆಂಬುದು ಮೊದಲು. ಆ ಕ್ರಮ ಕೆಟ್ಟಿತೆಂಬುದು ಅನಂತರ. ಕೊಡುವ ಪಾಳಿ ತನಗೇ ಬಂದಿತೆಂಬುದು ಆಮೇಲೆ. ಕೊನೆಯಲ್ಲಿ, ನೀನು ಹೀಗೆ ಕ್ರಮವನ್ನು ತಪ್ಪಿಸಬಹುದೇ ಎಂದು ಸತ್ತ ಮಗನನ್ನೇ ಕೇಳುವ ಪ್ರಶ್ನೆ. ಅದು ಅಳುವಲ್ಲ, ಆಕ್ಷೇಪಣೆ. ಸಿಂಹಾಸನದ ಮೇಲೆ ಕುಳಿತು ನ್ಯಾಯ ಹೇಳಿ ಅಭ್ಯಾಸವಾದ ರಾಜನು ಮಗನ ಹೆಣದ ಮುಂದೆಯೂ ನ್ಯಾಯದ ಭಾಷೆಯನ್ನೇ ಆಡುತ್ತಾನೆ. ಬೇರೆ ಭಾಷೆ ಅವನಿಗೆ ತಿಳಿಯದು. ಕೇಳುವವನ ಎದೆ ಒಡೆಯುವುದು ಆ ಕಾರಣಕ್ಕಾಗಿ.

ಈ ಪದ್ಯದಲ್ಲಿ 'ಕ್ರಮ' ಮುಗಿದು 'ಕೆಡುಕು' ಆರಂಭವಾಗುವುದು ಎರಡನೆಯ ಪಾದದ ಕೊನೆಯಲ್ಲಿ ಅಲ್ಲ, ಅದರ ನಡುವಿನಲ್ಲಿ. ನಟನು ಅಲ್ಲಿ ಒಂದು ಕ್ಷಣ ಉಸಿರು ಹಿಡಿದು ತಿರುಗಬೇಕು. ಇಂದಿನ ನಟನು ಮಾಡುವುದೇನು? ಹೆಣದ ಮೇಲೆ ಬೀಳುತ್ತಾನೆ, ಬಿಕ್ಕುತ್ತಾನೆ, ಬಿಕ್ಕುಗಳ ನಡುವೆ ಪದಗಳು ಚೂರಾಗಿ ಉದುರುತ್ತವೆ. ಹಿನ್ನೆಲೆಯಲ್ಲಿ ಧ್ವನಿಮುದ್ರಿತ ಕೊಳಲು. ವಾದವೂ ಇಲ್ಲ, ತಿರುವೂ ಇಲ್ಲ, ಪ್ರಶ್ನೆಯೂ ಇಲ್ಲ. ಯಾವ ತಂದೆ ಯಾವ ಮಗನಿಗಾಗಿ ಅತ್ತರೂ ಹೀಗೆಯೇ ಅಳಬಹುದು. ರನ್ನನು ಇಟ್ಟದ್ದು ನಾಲ್ಕು ಹೊನ್ನು. ಮರಳಿ ಬಂದದ್ದು ಒಂದು.

ಇನ್ನೊಂದು ಉದಾಹರಣೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ನೀರಿನಲ್ಲಿದ್ದೂ ಬೆವರಿದನೆಂಬ ಪದ್ಯವನ್ನು ಕೇಳದ ಕನ್ನಡಿಗರು ವಿರಳ. ಅದೂ ಕಂದವೇ. ಅದರ ಮೊದಲ ಎರಡು ಪಾದಗಳೂ ಪದದ ನಡುವೆಯೇ ಮುಗಿಯುತ್ತವೆ. ಸಿಂಹವನ್ನು ಸೂಚಿಸುವ ಶಬ್ದ ಅರ್ಧ ಮೇಲಿನ ಪಾದದಲ್ಲಿ, ಅರ್ಧ ಕೆಳಗಿನ ಪಾದದಲ್ಲಿ. ಕನ್ನಡದ ಕವಿಗಳು ಯತಿಯನ್ನು ಲಂಘಿಸುವ ಸ್ವಾತಂತ್ರ್ಯವನ್ನು ಹಿಂದಿನಿಂದಲೂ ಬಳಸಿದವರು. ಗರ್ಜನೆಯು ತಡೆಯಿಲ್ಲದೆ ನುಗ್ಗುವುದು ಈ ಲಂಘನದಿಂದಲೇ. ಬೆವರಿದ ಸಂಗತಿ ಮೊದಲು ಬಂದು, ಬೆವರಿದವನ ಹೆಸರು ಕಟ್ಟಕಡೆಗೆ ಬರುತ್ತದೆ. ಪಾದಪಾದಕ್ಕೆ ನಿಂತು ರಾಗವೆಳೆಯುವವನು ಶಬ್ದವನ್ನು ಮಧ್ಯದಲ್ಲಿ ಕಡಿಯುತ್ತಾನೆ. ಗದ್ಯದಂತೆ ಓಡಿಸುವವನು ಪ್ರಾಸವನ್ನು ತುಳಿಯುತ್ತಾನೆ. ಎರಡನ್ನೂ ಅರಿಯದವನಿಗೆ ಮೂರನೆಯ ಮಾರ್ಗವೊಂದು ದೊರೆತಿದೆ: ಪದ್ಯವನ್ನೇ ಬಿಟ್ಟು, ನೀಲಿ ಬೆಳಕು ಚೆಲ್ಲಿ, ನಗಾರಿ ಬಾರಿಸುವುದು.

ಆದಿಪುರಾಣದ ನೀಲಾಂಜನೆಯ ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ವೃಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂಥ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಗೆ ತಿಳಿಯಲಿಲ್ಲ, ವೃಷಭದೇವನಿಗೆ ತಿಳಿಯಿತು, ವೈರಾಗ್ಯ ಹುಟ್ಟಿತು. ಇಂದಿನ ರಂಗದಲ್ಲಿ ಪದ್ಯವು ನಡುವೆಯೇ ಸಾಯುತ್ತದೆ, ಅದರ ಜಾಗದಲ್ಲಿ ಬೆಳಕೂ ನಗಾರಿಯೂ ಕುಣಿಯುತ್ತವೆ, ಸಭೆಗೆ ತಿಳಿಯುವುದಿಲ್ಲ. ಇಂದ್ರನ ಉದ್ದೇಶವಾದರೂ ಒಬ್ಬನನ್ನು ಎಚ್ಚರಿಸುವುದಾಗಿತ್ತು. ಇಂದಿನ ಬದಲಾವಣೆಗೆ ಯಾರೂ ಎಚ್ಚರಗೊಳ್ಳದಿರಲಿ ಎಂಬುದೇ ಉದ್ದೇಶ. ಅಸಲಿನ ಜಾಗದಲ್ಲಿ ಅದರಂತೆ ಕಾಣುವ ನಕಲಿಯನ್ನು ಇಟ್ಟು ಮಾರುವುದಕ್ಕೆ ಶಾಸ್ತ್ರದಲ್ಲಿ ಪ್ರತಿರೂಪಕವ್ಯವಹಾರವೆಂದು ಹೆಸರು. ಅದು ಅಚೌರ್ಯವ್ರತದ ಅತಿಚಾರ.

ಇದಕ್ಕೆ ರಂಗಕರ್ಮಿಗಳಲ್ಲಿ ಸಿದ್ಧವಾದ ಉತ್ತರವಿದೆ: 'ಅರ್ಥವಾಗದಿದ್ದರೇನು, ಭಾವ ಮುಟ್ಟಿದರೆ ಸಾಕು.' ಈ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಭಾವವನ್ನು ನಟನು ತನ್ನ ಒಳಗಿನಿಂದ ತರುತ್ತಾನೆ, ಪದ್ಯವು ಅದಕ್ಕೊಂದು ನೆಪ ಎಂಬ ಕಲ್ಪನೆ ಇದರ ಹಿಂದೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರರು 'ನಾಟ್ಯದರ್ಪಣ'ದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ನಟನಿಗೆ ರಸಾನುಭವವೇ ಇಲ್ಲವೆಂಬುದು ಏಕಾಂತವಲ್ಲ ಎಂದು ಅವರು ಹೇಳುತ್ತಾರೆ. ಪರರನ್ನು ರಂಜಿಸಲು ಹಾಡುವ ಗಾಯಕನು ಕೆಲವೊಮ್ಮೆ ತಾನೂ ರಂಜಿತನಾಗುವಂತೆ ನಟನಿಗೂ ಆಗಬಹುದು. 'ಕೆಲವೊಮ್ಮೆ' ಎಂಬುದನ್ನು ಗಮನಿಸಬೇಕು. ಅನುಭವವು ಒದಗಬಹುದಾದ ಲಾಭ. ನಟನ ಕರ್ತವ್ಯ ಬೇರೆ ಇದೆ. ರಸವೆಲ್ಲವೂ ಆನಂದವೇ ಎಂಬ ಬಹುಜನರ ಮತವನ್ನು ಒಪ್ಪದೆ, ರಸವು ಸುಖದುಃಖಾತ್ಮಕವೆಂದು ಸಾರಿದವರೂ ಇವರೇ. ಕರುಣವು ನಿಜವಾಗಿಯೂ ನೋಯಿಸುತ್ತದೆ ಎಂದ ಮೇಲೆ, ಆ ನೋವು ಯಾವುದಕ್ಕಾಗಿ ಎಂಬುದನ್ನು ಪ್ರೇಕ್ಷಕನಿಗೆ ತಿಳಿಸುವ ಹೊಣೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅರ್ಥವಿಲ್ಲದ ನೋವನ್ನು ಕೊಡುವುದು ಕಲೆಯ ಹೆಸರಿನಲ್ಲಿ ನಡೆಯುವ ಹಿಂಸೆ.

ಎರಡನೆಯ ಆಕ್ಷೇಪವು ಹೆಚ್ಚು ಗೌರವಕ್ಕೆ ಅರ್ಹವಾದುದು. ಪ್ರತಿಯೊಂದು ಕಾಲವೂ ಹಳೆಯ ಕೃತಿಗೆ ಹೊಸ ಅರ್ಥವನ್ನು ಕೊಡುತ್ತದೆ. ಕೊಡಬಾರದೆಂದರೆ ರಂಗಭೂಮಿಯೇ ಉಳಿಯದು. ಇದು ನಿಜ. ರನ್ನನು ಪಂಪನ ಭಾರತದ ಒಂದು ಭಾಗವನ್ನು ಹಿಡಿದು ಸಿಂಹಾವಲೋಕನ ಕ್ರಮದಲ್ಲಿ ಬೇರೆಯೇ ಕಾವ್ಯವನ್ನು ಮಾಡಿದನು. ರನ್ನನಲ್ಲಿ ಭೀಮನೇ ಕಥಾನಾಯಕ, ಆಶ್ರಯದಾತ ಸತ್ಯಾಶ್ರಯನೊಡನೆ ಅಭೇದವಾಗಿ ಬರುವವನು. ಶ್ರೀಕಂಠಯ್ಯನವರು ದೃಷ್ಟಿಯನ್ನು ದುರ್ಯೋಧನನತ್ತ ತಿರುಗಿಸಿದರು. ಆದರೆ ಇಬ್ಬರೂ ಬಹಿರಂಗವಾಗಿ, ತಮ್ಮ ಹೆಸರಿನಲ್ಲಿ, ಎಲ್ಲರೂ ತೂಗಿ ನೋಡುವಂತೆ ಮಾಡಿದರು. ಕರಾವಳಿಯ ತಾಳಮದ್ದಳೆಯನ್ನು ನೋಡಬಹುದು. ಭಾಗವತನು ಪದ್ಯವನ್ನು ಪೂರ್ಣವಾಗಿ ಹಾಡುತ್ತಾನೆ. ಬಳಿಕ ಅರ್ಥಧಾರಿಯು, ವೇಷವಿಲ್ಲದೆ ಕುಳಿತು, ತನ್ನ ಮಾತಿನಲ್ಲಿ ಅರ್ಥವನ್ನು ಎಷ್ಟು ಬೇಕಾದರೂ ಬೆಳೆಸುತ್ತಾನೆ, ಎದುರಾಳಿಯೊಡನೆ ವಾದಿಸುತ್ತಾನೆ. ಕವಿಯದು ಯಾವುದು, ಅರ್ಥಧಾರಿಯದು ಯಾವುದು ಎಂಬುದರಲ್ಲಿ ಹಳ್ಳಿಯ ಶ್ರೋತೃವಿಗೂ ಸಂದೇಹವಿಲ್ಲ. ಒತ್ತೆಯನ್ನು ಮೊದಲು ಎಣಿಸಿ ತೋರಿಸಿ, ಆಮೇಲೆ ತನ್ನದನ್ನು ಸೇರಿಸುವ ಈ ಪದ್ಧತಿಯಲ್ಲಿ ದೋಷವಿಲ್ಲ. ತನ್ನದನ್ನು ಮಾತ್ರ ಕೊಟ್ಟು ಅದನ್ನೇ ರನ್ನನದೆಂದು ಹೇಳುವಲ್ಲಿ ದೋಷವಿದೆ.

ಹೊಸ ಅರ್ಥದ ಹೆಸರಿನಲ್ಲಿ ನಡೆಯುವ ಏಕಾಂತವಾದವನ್ನೂ ಇಲ್ಲಿ ಹೇಳಬೇಕು. ಒಂದು ಕಾಲಕ್ಕೆ ದುರ್ಯೋಧನನೆಂದರೆ ಮೀಸೆ ತಿರುವುವ ಖಳ. ಈಗ ಅದೇ ಪಾತ್ರವು ಅನ್ಯಾಯಕ್ಕೆ ಒಳಗಾದ ನಿಷ್ಕಳಂಕ ವೀರ. ಎರಡೂ ದುರ್ನಯಗಳೇ, ಒಂದು ಮುಖವನ್ನು ಹಿಡಿದು ಉಳಿದುವನ್ನು ನಿರಾಕರಿಸುವಂಥವು. ರನ್ನನ ದುರ್ಯೋಧನನು ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ಕೈಮುಗಿದು, ಅವನಂಥ ಮರಣ ತನಗೂ ಬರಲೆಂದು ಬಯಸುತ್ತಾನೆ. ಅದೇ ರನ್ನನು ದ್ರೌಪದಿಯ ಬಿಚ್ಚಿದ ಮುಡಿಯನ್ನು ಕಾವ್ಯದ ಆರಂಭದಲ್ಲಿಯೇ ಮುಂದೆ ತರುತ್ತಾನೆ. ಅವಳ ಕೋಪವನ್ನು ಸಣ್ಣದೆಂದು ಎಲ್ಲಿಯೂ ಹೇಳುವುದಿಲ್ಲ. ದ್ರೌಪದಿಯ ದೃಶ್ಯವನ್ನು ಕತ್ತರಿಸಿ ದುರ್ಯೋಧನನ ವಿಲಾಪವನ್ನು ಬೆಳೆಸುವ ಪ್ರಯೋಗವು ತಕ್ಕಡಿಯ ಒಂದು ತಟ್ಟೆಗೆ ಮೇಣ ಅಂಟಿಸಿದಂತೆ. ಹೀನಾಧಿಕಮಾನೋನ್ಮಾನವು ಅಂಗಡಿಗೆ ಮಾತ್ರ ಸೀಮಿತವಾದ ಅತಿಚಾರವೆಂದು ಯಾವ ಆಚಾರ್ಯರೂ ಹೇಳಿಲ್ಲ.

ದೋಷವನ್ನೆಲ್ಲ ನಟನ ತಲೆಗೆ ಕಟ್ಟುವುದೂ ಅನ್ಯಾಯ. ಕೊಳ್ಳುವವನು ಕೇಳದ ಸರಕನ್ನು ಯಾರೂ ಅಂಗಡಿಯಲ್ಲಿ ಇಡುವುದಿಲ್ಲ. ಜೈನಸಮಾಜವು ಏನು ಕೇಳುತ್ತಿದೆ? ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾಕಲ್ಯಾಣದ ಸಂದರ್ಭದಲ್ಲಿ ನೀಲಾಂಜನೆಯ ನೃತ್ಯವನ್ನು ಆಡಿಸುವುದು ವಾಡಿಕೆ. ಎಷ್ಟು ಕಡೆಗಳಲ್ಲಿ ಅದರೊಡನೆ ಪಂಪನ ಪದ್ಯಗಳು ಕೇಳಿಬರುತ್ತವೆ? ಚಲನಚಿತ್ರದ ಧಾಟಿಯೂ ಬಣ್ಣದ ದೀಪವೂ ಇದ್ದರೆ ಶ್ರಾವಕರು ಸಂತುಷ್ಟರು. ಮೊಬೈಲಿನಲ್ಲಿ ಒಂದು ನಿಮಿಷದ ತುಣುಕನ್ನು ಹಿಡಿದು ಹಂಚಿದರೆ ಧರ್ಮಪ್ರಭಾವನೆ ಮುಗಿಯಿತು. ವೈರಾಗ್ಯಕ್ಕೆ ಕಾರಣವಾದ ನೃತ್ಯವೇ ರಾಗಕ್ಕೆ ಕಾರಣವಾಗುತ್ತಿರುವುದು ಯಾರ ಗಮನಕ್ಕೂ ಬಂದಂತಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಅದೇ ಅತ್ತಿಮಬ್ಬೆ, ದೀಪಾಲಂಕಾರಕ್ಕಾಗಿ ದಾನ ಮಾಡಿ ಹೆಸರಾದವಳಲ್ಲ. ಅವಳು ಅಕ್ಷರವನ್ನು ಉಳಿಸಿದಳು.

ಪರಿಹಾರವು ದುಸ್ಸಾಧ್ಯವೇನೂ ಅಲ್ಲ. ಹಳಗನ್ನಡ ನಾಟಕಕ್ಕೆ ಧನಸಹಾಯ ಮಾಡುವ ಶ್ರಾವಕರೂ ಸಂಸ್ಥೆಗಳೂ ಕೆಲವು ನಿಬಂಧನೆಗಳನ್ನು ಇಡಬಹುದು. ಅಭ್ಯಾಸದ ಮೊದಲ ತಿಂಗಳು ನಟರು ಹಳಗನ್ನಡ ಬಲ್ಲ ವಿದ್ವಾಂಸರೊಡನೆಯೂ ಗಮಕಿಗಳೊಡನೆಯೂ ಕುಳಿತು ಪದ್ಯಗಳನ್ನು ಬಿಡಿಸಿ ಓದಲಿ. ಗಮಕಿಯಿಂದ ರಾಗವನ್ನು ಕಲಿಯುವುದಕ್ಕಿಂತ ಪದಚ್ಛೇದವನ್ನು ಕಲಿಯಲಿ. ಪದ್ಯ ನಡೆಯುವಾಗ ವಾದ್ಯಗಳು ಮೌನವಾಗಿರಲಿ. ಆಡುವ ಮುಖ್ಯ ಪದ್ಯಗಳನ್ನು ಸರಳ ತಾತ್ಪರ್ಯದೊಡನೆ ಮುದ್ರಿಸಿ ಪ್ರೇಕ್ಷಕರಿಗೆ ಮೊದಲೇ ಕೊಡಲಿ. ಬಿಟ್ಟ ಭಾಗಗಳು ಯಾವುವು, ಸೇರಿಸಿದ ಮಾತುಗಳು ಯಾವುವು ಎಂಬುದನ್ನು ಅದೇ ಪತ್ರದಲ್ಲಿ ನಿಸ್ಸಂಕೋಚವಾಗಿ ಹೇಳಲಿ. ಜಮಾ ಖರ್ಚಿನ ಲೆಕ್ಕವನ್ನು ಸಭೆಯ ಮುಂದಿಡುವ ಸಂಸ್ಥೆಗಳಿಗೆ ಇದು ಹೊಸ ಅಭ್ಯಾಸವೇನಲ್ಲ.

ಪ್ರೇಕ್ಷಕನೂ ತನ್ನ ಪಾಲನ್ನು ನೆನಪಿಗೆ ತಂದುಕೊಳ್ಳಬೇಕು. ನ್ಯಾಸಾಪಹಾರವು ನಡೆಯುವುದು ಇಟ್ಟವನ ಮರೆವಿನಿಂದ. ವರ್ಷಕ್ಕೆ ಹತ್ತು ಕಂದಪದ್ಯಗಳನ್ನು ಅರ್ಥಸಹಿತವಾಗಿ ಮನೆಯ ಮಕ್ಕಳಿಗೆ ಹೇಳಿಕೊಟ್ಟ ಸಮಾಜಕ್ಕೆ ಯಾವ ನಟನೂ ಕಡಿಮೆ ಎಣಿಸಿ ಕೊಡಲಾರನು. ಲೆಕ್ಕ ಬಲ್ಲವನೊಬ್ಬನು ಸಭೆಯಲ್ಲಿ ಕುಳಿತಿದ್ದಾನೆಂದು ತಿಳಿದರೆ, ತಕ್ಕಡಿ ಹಿಡಿದ ಕೈ ತಾನಾಗಿಯೇ ನೆಟ್ಟಗಾಗುತ್ತದೆ.