ಹಳೆಯ ಬಂಡಿಯ ಒಡೆತನ

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬ ಗಾದೆ ಯಂತ್ರಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜವಾಗಿದೆ. ಆದರೂ ಅಮೆರಿಕ ದೇಶದಲ್ಲಿ ಎಪ್ಪತ್ತು ವರ್ಷಗಳನ್ನು ಕಳೆದ ಪಿಕಪ್ ಟ್ರಕ್ಕುಗಳನ್ನು ಸಾಕಿಕೊಂಡು, ಅವುಗಳಲ್ಲಿ ಸೌದೆ, ಹುಲ್ಲು, ಮರದ ಹಲಗೆಗಳನ್ನು ಹೇರಿಕೊಂಡು ಓಡಾಡುವ ಜನರು ಇಂದಿಗೂ ಇದ್ದಾರೆ. ಇದು ಹಣವುಳ್ಳವರ ಶೋಕಿಯೆಂದು ನಕ್ಕು ಬಿಡುವವರುಂಟು. ಆ ಮಾತು ಪೂರ್ಣ ಸತ್ಯವಲ್ಲವೆಂದು ನನ್ನ ಅಭಿಪ್ರಾಯ.

ಪಿಕಪ್ ಬಂಡಿಯು ಹುಟ್ಟಿದ್ದು ವೈಭವಕ್ಕಾಗಿ ಅಲ್ಲ, ದುಡಿಮೆಗಾಗಿ. ಹೆನ್ರಿ ಫೋರ್ಡನ ಮಾಡೆಲ್ ಟಿ ಮೋಟಾರು 1908ರಲ್ಲಿ ಬಂದ ತರುವಾಯ ಹಳ್ಳಿಗಾಡಿನ ರೈತರು ಅದರ ಹಿಂಭಾಗವನ್ನು ಕಳಚಿ, ಮರದ ಪೆಟ್ಟಿಗೆಯೊಂದನ್ನು ಕೂರಿಸಿ, ಫಸಲು ಸಾಗಿಸತೊಡಗಿದರು. ಕೊನೆಗೆ 1925ರಲ್ಲಿ ಫೋರ್ಡ್ ಕಂಪನಿಯೇ ಇಂತಹ ಪೆಟ್ಟಿಗೆಯನ್ನು ಜೋಡಿಸಿದ ವಾಹನವನ್ನು 281 ಡಾಲರಿಗೆ ಮಾರಾಟಕ್ಕಿಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಷೆವ್ರೊಲೆ ಕಂಪನಿಯು ಮೂವರು ಒತ್ತಾಗಿ ಕೂರಬಹುದಾದ ಹೊಸ ವಿನ್ಯಾಸದ ಟ್ರಕ್ಕುಗಳನ್ನು ಹೊರತಂದಿತು. ಫೋರ್ಡ್ ಕಂಪನಿಯ ಎಫ್ ಶ್ರೇಣಿಯು 1948ರ ಮಾದರಿಯಿಂದ ಆರಂಭವಾಯಿತು. ಇಂದು ಅಭಿಮಾನಿಗಳು ಹುಡುಕಿಕೊಂಡು ಹೋಗುವ ಹಳೆಯ ಪಿಕಪ್ಪುಗಳಲ್ಲಿ ಇವೆರಡೂ ಪ್ರಮುಖವಾದವು.

ಇವುಗಳಲ್ಲಿ ಆಕರ್ಷಣೆಯೇನು? ದುಂಡಗಿನ ಮೈಕಟ್ಟು ಚೆಲುವಾಗಿದೆ, ನಿಜ. ಆದರೆ ಅದಕ್ಕಿಂತ ಮಿಗಿಲಾದುದು ಅದರ ಸರಳತೆ. ಆ ಷೆವ್ರೊಲೆಯ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ. ಅದರ ಶಕ್ತಿ ಸುಮಾರು 90 ಅಶ್ವಶಕ್ತಿ ಮಾತ್ರ. ಬಾನೆಟ್ಟನ್ನು ಎತ್ತಿದರೆ ಕಾರ್ಬ್ಯುರೇಟರು, ಪ್ಲಗ್ಗು, ಡೈನಮೋ ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ. ಪೆಟ್ರೋಲು ಎಲ್ಲಿಂದ ಬರುತ್ತದೆ, ಕಿಡಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಸಾಮಾನ್ಯ ಬುದ್ಧಿಯ ಮನುಷ್ಯನು ನಾಲ್ಕಾರು ದಿನಗಳಲ್ಲಿ ತಿಳಿದುಕೊಳ್ಳಬಲ್ಲನು. ಕೆಟ್ಟರೆ ಕೆಲವು ಸ್ಪ್ಯಾನರುಗಳಿಂದಲೇ ಎಷ್ಟೋ ದೋಷಗಳನ್ನು ತಾನೇ ಸರಿಪಡಿಸಿಕೊಳ್ಳಬಲ್ಲನು.

ಇಂದಿನ ವಾಹನದ ಸ್ಥಿತಿ ಬೇರೆ. ಅದರ ಒಳಗುಟ್ಟು ಗಣಕಯಂತ್ರದ ಸಂಕೇತಗಳಲ್ಲಿ ಅಡಗಿದೆ. ಸಾಮಾನ್ಯ ಮೆಕ್ಯಾನಿಕನಿಗೂ ಆ ಸಂಕೇತಗಳನ್ನು ಓದುವ ಅವಕಾಶವಿರಬೇಕೆಂದು ಮೆಸಾಚುಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಮತ ನೀಡಬೇಕಾಯಿತು. ತಾನು ಹಣ ತೆತ್ತು ಕೊಂಡ ವಸ್ತುವನ್ನು ತಾನೇ ರಿಪೇರಿ ಮಾಡಿಕೊಳ್ಳಲು ಕಾನೂನಿನ ಆಸರೆ ಬೇಕಾಗುವುದಾದರೆ, ಅದನ್ನು ಒಡೆತನವೆನ್ನೋಣವೇ, ಬಾಡಿಗೆಯೆನ್ನೋಣವೇ? ಹಳೆಯ ಟ್ರಕ್ಕನ್ನು ಬಯಸುವವನು ಬಯಸುವುದು ಕಳೆದ ಕಾಲವನ್ನಲ್ಲ, ಪೂರ್ಣವಾದ ಒಡೆತನವನ್ನು.

ಇದಕ್ಕೆ ಎದುರಾಗಿ ಹೇಳಬೇಕಾದ ಮಾತೂ ಇದೆ. ಆ ಕಾಲದ ಬಂಡಿಗಳಲ್ಲಿ ಸೀಟು ಬೆಲ್ಟು ಇರಲಿಲ್ಲ. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ ಇದ್ದವು. ಹೊಗೆಯನ್ನು ಶೋಧಿಸುವ ಸಾಧನವಿರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ವಾಹನಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯುಂಟು. ವಿನಾಯಿತಿ ಸಿಕ್ಕಿತೆಂದು ಹೊಗೆ ಶುದ್ಧವಾಗುವುದಿಲ್ಲ. ಆದುದರಿಂದ ಇಂತಹ ವಾಹನವನ್ನು ನಿತ್ಯವೂ ದೂರದೂರಕ್ಕೆ ಓಡಿಸುವುದು ಸರಿಯಲ್ಲ. ಬೆಲ್ಟುಗಳನ್ನು ಅಳವಡಿಸಿ, ಬ್ರೇಕುಗಳನ್ನು ಸುಸ್ಥಿತಿಯಲ್ಲಿಟ್ಟು, ಸಮೀಪದ ಕೆಲಸಗಳಿಗೆ ನಿಧಾನವಾಗಿ ಬಳಸುವುದೇ ವಿವೇಕ.

ಹಾಗಾದರೆ ಬಳಸದೆ ಒರೆಸಿ ಇಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಹೊಳಪು ಕೊಟ್ಟು ಷೆಡ್ಡಿನಲ್ಲಿ ನಿಲ್ಲಿಸಿದ ಬಂಡಿಯ ರಬ್ಬರು ಬಿರಿಯುತ್ತದೆ, ಪೆಟ್ರೋಲು ಕೆಡುತ್ತದೆ, ಬ್ಯಾಟರಿ ಸಾಯುತ್ತದೆ. ಅದರೊಂದಿಗೆ ಅದನ್ನು ನಡೆಸುವ ವಿದ್ಯೆಯೂ ಮರೆತುಹೋಗುತ್ತದೆ. ನಮ್ಮ ಹಿರಿಯರು ಮಹಾನವಮಿಯಂದು ನೇಗಿಲು, ಉಳಿ, ಸುತ್ತಿಗೆಗಳಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುವ ಪದ್ಧತಿಯನ್ನಿಟ್ಟರು. ಆ ಪೂಜೆ ಸಲ್ಲುವುದು ವರ್ಷವೆಲ್ಲ ದುಡಿದ ಆಯುಧಕ್ಕೆ. ಮರುದಿನ ಅದು ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಹಳೆಯ ಪಿಕಪ್ಪಿಗೆ ಸಲ್ಲತಕ್ಕ ಗೌರವವೂ ಇಂತಹುದೇ.

ನಗರದಲ್ಲಿ ಬೆಳೆಯುವ ನಮ್ಮ ವಿದ್ಯಾರ್ಥಿಗಳು ಇಂತಹ ಟ್ರಕ್ಕನ್ನು ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅದನ್ನು ನಿಲ್ಲಿಸಲು ಸ್ಥಳವಾದರೂ ಎಲ್ಲಿದೆ! ಆದರೆ ಮನೆಯಲ್ಲಿರುವ ಸೈಕಲ್ಲನ್ನೋ ಹೊಲಿಗೆ ಯಂತ್ರವನ್ನೋ ದೊಡ್ಡವರ ಸಮ್ಮುಖದಲ್ಲಿ ಒಮ್ಮೆ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ ನೋಡಬಹುದಲ್ಲವೇ? ಬೆಲೆ ತೆತ್ತವನು ಕೊಂಡವನು ಮಾತ್ರ. ಒಳಗನ್ನು ಅರಿತು, ಕೆಡದಂತೆ ಕಾಯ್ದು, ದುಡಿಸಿಕೊಂಡವನೇ ಒಡೆಯನು.