ಚೆಂಡುಹೂ ಯಾರದು?

ಕಾಲೇಜಿನ ಕಾರ್ಯಕ್ರಮಕ್ಕೆ ಅಲಂಕಾರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ: “ಚೆಂಡುಹೂ ಬೇಡ, ಅದು ಅವರ ಹಬ್ಬದ ಹೂ. ಗುಲಾಬಿ ತರೋಣ, ಅದು ನಮ್ಮದು.” ಹೇಳುವವರ ಮನಸ್ಸಿನಲ್ಲಿ ದ್ವೇಷವೇನೂ ಇರುವುದಿಲ್ಲ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ.

ಚೆಂಡುಹೂವನ್ನೇ ನೋಡಿ. ಆಯುಧಪೂಜೆಯ ದಿನ ಆಟೋ, ಬಸ್ಸು, ಅಂಗಡಿ ಬಾಗಿಲು, ಎಲ್ಲೆಲ್ಲೂ ಅದೇ. ಆದರೆ ಅದರ ತವರು ಮೆಕ್ಸಿಕೊ ಮತ್ತು ಸುತ್ತಲಿನ ನಾಡುಗಳು. 1492ರಲ್ಲಿ ಕೊಲಂಬಸ್ ಆ ಖಂಡ ಮುಟ್ಟುವ ಮೊದಲು ನಮ್ಮಲ್ಲಿ ಈ ಹೂವೇ ಇರಲಿಲ್ಲ. ಮೆಕ್ಸಿಕೊದ ಜನ ಇವತ್ತಿಗೂ ನವೆಂಬರ್ ಮೊದಲ ದಿನಗಳಲ್ಲಿ ತೀರಿಹೋದವರ ನೆನಪಿಗೆ ಸಮಾಧಿಗಳ ಮೇಲೆ ಇದನ್ನು ಹರಡುತ್ತಾರೆ. ಅಲ್ಲಿ ಅಗಲಿದವರ ಹೂ, ಇಲ್ಲಿ ಬಾಗಿಲ ತೋರಣ. ಹೂ ಮಾತ್ರ ಅದೇ.

ಇನ್ನು ‘ನಮ್ಮ’ ಗುಲಾಬಿ. ಪಾರ್ಸಿಯಲ್ಲಿ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು! ನೀರಿನ ಹೆಸರೇ ನಮ್ಮಲ್ಲಿ ಹೂವಿಗೆ ಅಂಟಿಕೊಂಡಿತು. ಮಕ್ಕಾದಲ್ಲಿ ಕಾಬಾ ತೊಳೆಯುವ ಝಮ್‌ಝಮ್ ನೀರಿಗೆ ಪನ್ನೀರು ಬೆರೆಸುತ್ತಾರೆ, ಹೌದು. ಆದರೆ ಕ್ರೈಸ್ತರ ಜಪಮಾಲೆಗೆ ‘ರೋಸರಿ’ ಎಂಬ ಹೆಸರು ಬಂದದ್ದೂ ಗುಲಾಬಿ ತೋಟ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ. ಹಾಗಾದರೆ ಗುಲಾಬಿ ಯಾರದು?

ಮಲ್ಲಿಗೆಯ ಕತೆ ನನಗೆ ಇನ್ನೂ ಇಷ್ಟ. ಹಾಜರಿ ಕರೆಯುವಾಗ ಯಾಸ್ಮಿನ್ ಎಂದರೂ ಮಲ್ಲಿಕಾ ಎಂದರೂ ಅರ್ಥ ಒಂದೇ, ಮಲ್ಲಿಗೆ. (ನರ್ಗೀಸ್, ನಸ್ರೀನ್, ಕಮಲಾ ಕೂಡ ಹೂಗಳೇ. ಹಾಜರಿ ಪುಸ್ತಕ ಒಂದು ತೋಟ.) ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಅಳೆಯುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ. ಸುಮಾರು 800 ಹೂ ಪೋಣಿಸಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಸುಕಿನಲ್ಲಿ ಎದ್ದು ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟುವವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಅದೇ ಹೂ ದೇವರ ಗುಡಿಗೂ ಹೋಗುತ್ತದೆ, ಬ್ಯಾರಿ ಮದುಮಗಳ ಮುಡಿಗೂ ಏರುತ್ತದೆ. ಕಟ್ಟಿದವರು ‘ಇದು ಯಾರ ತಲೆಗೆ’ ಎಂದು ಕೇಳಿದ್ದರೆ ಅವರ ಒಲೆ ಉರಿಯುತ್ತಿರಲಿಲ್ಲ.

ಹೂವಿಗೆ ಸುಮ್ಮನೆ ದುಡ್ಡು ದಂಡ, ಮರುದಿನ ಕಸ ಎನ್ನುವವರೂ ಇದ್ದಾರೆ. ಆ ವಾದವನ್ನು ನಾನು ಕೇಳಲು ಸಿದ್ಧ. ಅತಿಥಿಗೆ ಪ್ಲಾಸ್ಟಿಕ್ ಸುತ್ತಿದ ಬೊಕೆ ಬಿಟ್ಟು ಒಂದು ಮೊಳ ಮಲ್ಲಿಗೆಯನ್ನೋ ಗುಲಾಬಿ ಗಿಡವಿರುವ ಕುಂಡವನ್ನೋ ಕೊಡೋಣ. ವೇದಿಕೆಗೆ ಮಾತ್ರ ಈ ಸಲ ಚೆಂಡುಹೂವೇ ಇರಲಿ. ಬೆಲೆಯೂ ಕಡಿಮೆ, ಸಂಜೆಯವರೆಗೆ ಬಾಡುವುದೂ ಇಲ್ಲ.